ಸಿಂಧನೂರಿನ ಕ್ಯಾಂಪುಗಳೂ ನಮ್ಮ ಕರ್ತವ್ಯವೂ

ರಾಯಚೂರು ಜಿಲ್ಲೆಯ ಪಾಮನಕಲ್ಲೂರಿನ ಸೀಮೆಯವರಾದ ನಮಗೆ ಸಿಂಧನೂರು ದೂರದ ಊರಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಎರೆಭೂಮಿಯು ಭತ್ತದ ಕಣಜವಾಗಿ ಮಾರ್ಪಟ್ಟ ಆ ತಾಲ್ಲೂಕಿನಲ್ಲಿ, ಜನರು ಆರ್.ಎಚ್. ಕ್ಯಾಂಪ್ ಎಂದು ಕರೆಯುವ ಪುನರ್ವಸತಿ ಗ್ರಾಮಗಳಿರುವುವು. ಪೂರ್ವ ಪಾಕಿಸ್ತಾನದಲ್ಲಿ ಮನೆಮಠಗಳನ್ನು ಕಳೆದುಕೊಂಡು ಪ್ರಾಣಭೀತಿಯಿಂದ ಓಡಿಬಂದ ಬಂಗಾಳಿ ಕುಟುಂಬಗಳು ಅಲ್ಲಿ ಅರ್ಧ ಶತಮಾನದಿಂದ ನೆಲೆಸಿರುವುವು. ಸರ್ಕಾರವು ಭೂಮಿಯನ್ನು ಕೊಟ್ಟಿತು, ನಿಜ. ಆದರೆ ಅರಿಯದ ನಾಡಿನಲ್ಲಿ ಬಿತ್ತುವ ಕಾಲವನ್ನೂ ಸಂತೆಯ ಮಾತನ್ನೂ ಕಲಿಸಿಕೊಟ್ಟವರು ನೆರೆಹೊರೆಯ ರೈತರು ಮತ್ತು ಕೂಲಿಗಳು. ಇಂದು ಕ್ಯಾಂಪಿನ ಮಕ್ಕಳು ಮನೆಯಲ್ಲಿ ಬಂಗಾಳಿಯನ್ನೂ ಬೀದಿಯಲ್ಲಿ ಕನ್ನಡವನ್ನೂ ಆಡುವರು. ಶರನ್ನವರಾತ್ರಿಯಲ್ಲಿ ಅಲ್ಲಿ ದುರ್ಗಾಪೂಜೆ ನಡೆಯುವುದು.

ಭಾರತವು ನಿರಾಶ್ರಿತರನ್ನು ಕುರಿತ 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಸಹಿ ಹಾಕಿಲ್ಲ. ಅವರಿಗೆಂದೇ ರಚಿಸಿದ ಕಾಯಿದೆಯೂ ನಮ್ಮಲ್ಲಿಲ್ಲ. ಆದಕಾರಣ ಹೊರೆಯ ಬಹುಭಾಗವು ಸ್ಥಳೀಯರ ಸೌಜನ್ಯದ ಮೇಲೆಯೇ ಬೀಳುವುದು. ಕ್ಯಾಂಪುಗಳಲ್ಲಿ ಬಹುಮಂದಿ ನಾಮಶೂದ್ರರು. ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿಗೆ ಸೇರಿದ ಈ ಸಮುದಾಯಕ್ಕೆ ಅದೇ ಮನ್ನಣೆ ಇಲ್ಲಿಯೂ ಬೇಕೆಂಬುದು ಅವರ ಬಹುಕಾಲದ ಬೇಡಿಕೆ. 2019ರ ಪೌರತ್ವ ತಿದ್ದುಪಡಿ ಕಾಯಿದೆಯ ನಿಯಮಗಳು 2024ರ ಮಾರ್ಚಿನಲ್ಲಿ ಹೊರಬಂದ ಮೇಲೆ ಕ್ಯಾಂಪಿನ ಕೆಲವರಿಗೆ ಪೌರತ್ವ ದೊರೆಯಿತು. ಆದರೆ ಅದೇ ಕಾಯಿದೆಯು ಮುಸಲ್ಮಾನ ನಿರಾಶ್ರಿತರನ್ನು ಹೊರಗಿಟ್ಟಿರುವುದರಿಂದ, ಸಂಕಟವನ್ನು ಮತದಿಂದ ಅಳೆಯುವ ಕೆಟ್ಟ ರೂಢಿಗೆ ಅದು ದಾರಿಮಾಡಿದೆ. ಇನ್ನು ದಾಖಲೆಗಳ ತೊಡಕು ಬೇರೆ: ಪಡಿತರ ಚೀಟಿಯಲ್ಲಿ ಮಂಡಲ್ ಎಂದಿರುವ ಹೆಸರು ಶಾಲೆಯ ಟಿ.ಸಿ.ಯಲ್ಲಿ ಮೊಂಡಲ್ ಎಂದಾದರೆ ಸಾಕು, ಓದಿದ ಮಗಳೊಬ್ಬಳು ತಹಸೀಲ್ದಾರ್ ಕಚೇರಿಗೆ ಅಲೆಯಬೇಕಾಗುವುದು. ಇಂಥಲ್ಲಿ ಅರ್ಜಿ ತುಂಬಿಕೊಡುವ ಶಿಕ್ಷಕನೂ ಜೊತೆಗೆ ನಿಂತು ಮಾತನಾಡುವ ಪಂಚಾಯತಿ ಸದಸ್ಯನೂ ಮಾಡುವ ಕೆಲಸವು ಯಾವ ಘೋಷಣೆಗಿಂತಲೂ ಮಿಗಿಲಾದುದು.

ದ್ವೇಷವಾದರೋ ಬಹುಬೇಗ ದಾರಿ ತಪ್ಪುವುದು. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ, ಅಕ್ರಮ ಬಾಂಗ್ಲಾದೇಶೀಯರ ವಸತಿಯೆಂಬ ಕೂಗೆದ್ದ ಬೆನ್ನಿಗೇ, ಬಡವರ ಗುಡಿಸಲುಗಳನ್ನು ನೆಲಸಮ ಮಾಡಲಾಯಿತು. ಅಲ್ಲಿದ್ದವರಲ್ಲಿ ಈಶಾನ್ಯ ರಾಜ್ಯಗಳ ಭಾರತೀಯರೂ ನಮ್ಮ ಉತ್ತರ ಕರ್ನಾಟಕದಿಂದಲೇ ದುಡಿಯಲು ಹೋದವರೂ ಇದ್ದರು. ಪಿ.ಯು.ಸಿ.ಎಲ್. ಎಂಬ ನಾಗರಿಕ ಹಕ್ಕುಗಳ ಸಂಘಟನೆಯು ಹೈಕೋರ್ಟಿನ ಮೊರೆಹೊಕ್ಕಿತು. ನ್ಯಾಯಾಲಯವು ಮುಂದಿನ ತೆರವನ್ನು ತಡೆದು, ನಿರ್ವಸಿತರ ಹೊಣೆಯನ್ನು ಸರ್ಕಾರಕ್ಕೆ ನೆನಪಿಸಿತು. ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿ ಗುಳೆ ಹೋಗುವ ರಾಯಚೂರು ಸೀಮೆಯವರು ಈ ಸಂಗತಿಯನ್ನು ಮರೆಯಬಾರದು. ಪರಕೀಯನೆಂಬ ಆರೋಪಕ್ಕೆ ಸಾಕ್ಷ್ಯ ಬೇಡವೆಂದಾದರೆ, ಅದು ನಾಳೆ ನಮ್ಮ ಮೇಲೆಯೇ ಬಂದೀತು.

1915ರಲ್ಲಿ ನಮ್ಮ ಸೀಮೆಯದೇ ಆದ ಮಸ್ಕಿಯ ಬಂಡೆಯ ಮೇಲೆ ಗೋಚರಿಸಿದ ಅಶೋಕನ ಶಾಸನವು, ಧರ್ಮದಲ್ಲಿ ನಿರತನಾದ ಅಲ್ಪನೂ ಉನ್ನತ ಸಿದ್ಧಿಯನ್ನು ಪಡೆಯಬಲ್ಲನೆಂದೂ ಅದು ದೊಡ್ಡವರಿಗೆ ಮಾತ್ರ ಮೀಸಲೆಂದು ತಿಳಿಯಬಾರದೆಂದೂ ಸಾರುವುದು. ನಿರಾಶ್ರಿತರಿಗೆ ನೆಲೆ ಕಲ್ಪಿಸುವ ಧರ್ಮವೂ ಅಂಥದೇ. ಅದಕ್ಕೆ ಅಧಿಕಾರ ಬೇಡ, ಐಶ್ವರ್ಯ ಬೇಡ. ಕ್ಯಾಂಪಿನ ಶಾಲೆಗೆ ಪುಸ್ತಕ ಕೊಡುವ, ಕಚೇರಿಯಲ್ಲಿ ಸಾಕ್ಷಿ ಹೇಳುವ, ಸಂತೆಯಲ್ಲಿ ಹೀನಾಯದ ಮಾತು ಕೇಳಿಬಂದಾಗ ಅದು ತಪ್ಪೆಂದು ಅಲ್ಲಿಯೇ ನುಡಿಯುವ ಮನಸ್ಸಿದ್ದರೆ ಸಾಕು. ಈ ಕೆಲಸದಲ್ಲಿ ತೊಡಗಿದವರಿಗೆ ಬೆಂಬಲ ನೀಡುವುದು ನಮ್ಮ ದಾಕ್ಷಿಣ್ಯವಲ್ಲ, ಕರ್ತವ್ಯ.