ಅಂಚಿನ ತಾರೆಗಳ ವಕ್ರತೆ

ಮಳೆ ಹಿಂಗಿ ಮಾರ್ಗಶಿರವು ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯಲ್ಲಿ ಇರುಳಿನ ಆಕಾಶವು ಉಜ್ಜಿಟ್ಟ ಕನ್ನಡಿಯಂತಾಗುವದು. ಅಂಥದೊಂದು ಅಮಾವಾಸ್ಯೆಯಂದು ನನ್ನ ತಮ್ಮನ ಮಗನು ಶಿರಸಿಯ ಸಮೀಪದ ನಮ್ಮ ಮನೆಯಂಗಳದಲ್ಲಿ ದೂರದರ್ಶಕವನ್ನು ಹೂಡಿ, ಕ್ಯಾಮರಾವನ್ನು ೧೦ ನಿಮಿಷ ತೆರೆದಿಟ್ಟು ಕೃತ್ತಿಕಾಪುಂಜದ ಛಾಯಾಚಿತ್ರವನ್ನು ತೆಗೆದನು. ನಡುವಿನ ತಾರೆಗಳು ಮುತ್ತಿನಂತೆ ದುಂಡಗೆ ಮೂಡಿದ್ದವು. ಅಂಚಿನವು ಮಾತ್ರ ಭತ್ತದ ಕಾಳಿನಂತೆ ಉದ್ದವಾಗಿ ಬಾಗಿದ್ದವು. “ದೊಡ್ಡಪ್ಪಾ, ಕನ್ನಡಿಯೇ ಕೆಟ್ಟಿದೆ. ಬಂದಷ್ಟಕ್ಕೆ ಮಾರಿಬಿಡುತ್ತೇನೆ” ಎಂದು ಅವನು ಖಿನ್ನನಾದನು. ಎರಡು ವರ್ಷ ಹಣ ಕೂಡಿಸಿ ಕೊಂಡ ಉಪಕರಣವದು.

ವಾಚಕರೇ, ಬಹುಕಾಲ ಮಕ್ಕಳ ಲೆಕ್ಕ ತಿದ್ದಿದವನು ನಾನು. ಉತ್ತರ ತಪ್ಪಿತೆಂದು ಪಾಟಿಯನ್ನು ಒಡೆಯಬಾರದು. ತಪ್ಪಿದ ಹಂತವನ್ನು ಹುಡುಕಬೇಕು. ಇಲ್ಲಿ ಆ ಹಂತವನ್ನು ತೋರಿಸುವದು ವಿಕಾರದ ದಿಕ್ಕು.

ನ್ಯೂಟನನ ಪದ್ಧತಿಯ ದೂರದರ್ಶಕದಲ್ಲಿ ಪರವಲಯಾಕಾರದ ಕನ್ನಡಿಯು ನಡುವಿನ ತಾರೆಯನ್ನಷ್ಟೇ ಬಿಂದುವಾಗಿ ಕೂಡಿಸುವದು. ಓರೆಯಾಗಿ ಬಂದ ಕಿರಣಗಳು ಚೆದರಿ, ಅಂಚಿನ ತಾರೆಗೆ ಹೊರಮುಖವಾದ, ಧೂಮಕೇತುವಿನಂಥ ಬಾಲ ಮೂಡುವದು. ಇದಕ್ಕೆ ಕೋಮಾ ಎನ್ನುವರು. ಇದು ಕನ್ನಡಿಯ ಕೆಡುಕಲ್ಲ, ಸ್ವಭಾವ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ತಮಿಳುನಾಡಿನ ಕಾವಲೂರಿನಲ್ಲಿ ೧೯೮೬ರಲ್ಲಿ ಕಾರ್ಯಕ್ಕೆ ತಂದ ೨.೩೪ ಮೀಟರು ವ್ಯಾಸದ ದೂರದರ್ಶಕಕ್ಕೂ ತಿದ್ದುವ ಮಸೂರಗಳು ಬೇಕಾದವು. ಇಂಥ ಮಸೂರದಿಂದ ಕ್ಯಾಮರಾದ ಗ್ರಾಹಕಕ್ಕೆ ನಿಯಮಿತ ಅಂತರವಿರಬೇಕು; ಅನೇಕ ಮಸೂರಗಳಿಗೆ ಅದು ೫೫ ಮಿಲಿಮೀಟರು. ಅದು ತಪ್ಪಿದರೆ ನಾಲ್ಕೂ ಮೂಲೆಗಳು ಒಂದೇ ತೆರನಾಗಿ ಕೆಡುವವು.

ಒಂದೇ ಮೂಲೆ ಕೆಟ್ಟಿದ್ದರೆ ಯಾವುದೋ ಜೋಡಣೆ ಓರೆಯಾಗಿದೆಯೆಂದು ಶಂಕಿಸಬೇಕು. ಕ್ಯಾಮರಾವನ್ನಷ್ಟೇ ಅರ್ಧಸುತ್ತು ತಿರುಗಿಸಿ ಮತ್ತೆ ಚಿತ್ರ ತೆಗೆಯಿರಿ. ಚಿತ್ರದ ಅದೇ ಮೂಲೆ ಕೆಟ್ಟರೆ ದೋಷವು ಕ್ಯಾಮರಾದ ಕಡೆಗೆ. ಎದುರು ಮೂಲೆಗೆ ಸರಿದರೆ ದೂರದರ್ಶಕದ ಕಡೆಗೆ.

ನಮ್ಮ ಹುಡುಗನು ತಿದ್ದುವ ಮಸೂರವನ್ನು ಸರಿಯಾದ ಅಂತರದಲ್ಲಿಯೇ ಜೋಡಿಸಿದ್ದನು. ಅವನ ಚಿತ್ರದಲ್ಲಾದರೋ ತಾರೆಗಳು ನಡುವನ್ನು ಪ್ರದಕ್ಷಿಣೆ ಮಾಡುವಂತೆ ಬಾಗಿದ್ದವು. “೧೦ ಸೆಕೆಂಡು ಮಾತ್ರ ತೆರೆದು ನೋಡು” ಎಂದೆನು. ಅಂಚಿನವೂ ದುಂಡಗೆ ಬಂದವು! ಗಾಜಿನ ದೋಷವಾಗಿದ್ದರೆ ಅಷ್ಟರಲ್ಲಿಯೂ ಕಾಣಬೇಕಿತ್ತು. ಕಾಲದೊಡನೆ ಬೆಳೆಯುವದು ಚಲನೆಯ ದೋಷ. ದೂರದರ್ಶಕವು ತಿರುಗುವ ಅಕ್ಷವು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿರದಿದ್ದರೆ, ಯಂತ್ರವು ನಡುವಿನ ತಾರೆಯನ್ನು ಬಿಡದೆ ಹಿಡಿದರೂ ಉಳಿದವು ಅದರ ಸುತ್ತ ಮೆಲ್ಲನೆ ಸರಿಯುವವು.

ಅಕ್ಷವನ್ನು ಹೊಂದಿಸಲು ಧ್ರುವತಾರೆಯೇ ಸುಲಭವಾದ ಆಧಾರ. ಆದರೆ ನಮ್ಮ ಮೂರು ತಾಲೂಕುಗಳಲ್ಲಿ ಅದು ದಿಗಂತದಿಂದ ಸುಮಾರು ೧೪-೧೫ ಅಂಶಗಳಷ್ಟೇ ಮೇಲಿರುವದು. ನಮ್ಮ ಅಂಗಳದ ಉತ್ತರಕ್ಕೋ ಅಡಿಕೆಯ ತೋಟ! ಧ್ರುವನನ್ನು ಕಾಣದೆ ಹುಡುಗನು ಅಂದಾಜಿನಿಂದ ಹೂಡಿದ್ದನು.

ಮರುದಿನ ಎಲ್ಲವನ್ನೂ ತೋಟದ ಮೇಲಿನ ಬೇಣಕ್ಕೆ ಹೊತ್ತು, ಧ್ರುವನನ್ನು ನೋಡಿ ಅಕ್ಷವನ್ನು ಹೊಂದಿಸಿದೆವು. ೧೦ ನಿಮಿಷದ ಚಿತ್ರದಲ್ಲಿ ಮೂಲೆಯ ತಾರೆಯೂ ದುಂಡಗಿತ್ತು. ದೂರದರ್ಶಕವನ್ನು ಮಾರುವ ಮಾತು ಮತ್ತೆ ಬರಲಿಲ್ಲ. ಆದುದರಿಂದ ಕನ್ನಡಿಯ ತಿರುಪಿಗೆ ಕೈ ಹಚ್ಚುವ ಮೊದಲು ಚಿತ್ರದ ನಾಲ್ಕೂ ಮೂಲೆಗಳನ್ನು ಸಾವಧಾನದಿಂದ ಓದಿರಿ.