ಕೊಳವೆಯ ಸೋಸುಬುಟ್ಟಿ

ಬೆಳಗಿನ ಹೊತ್ತು ಡಿಕಾಕ್ಷನ್ನು ಇಳಿಯದೆ ಮನೆಮಂದಿಯೆಲ್ಲ ಕಾಫಿಯ ಫಿಲ್ಟರಿನ ಮುಂದೆ ಕಾದು ಕುಳಿತ ಪ್ರಸಂಗವನ್ನು ಅನುಭವಿಸದ ಗೃಹಸ್ಥರು ನಮ್ಮ ವಾಚಕರಲ್ಲಿ ವಿರಳವಾಗಿರಬೇಕು. ಪುಡಿ ತೀರ ನುಣ್ಣಗಿದ್ದರೆ, ಇಲ್ಲವೆ ಒಳಗಿನ ಬಿಲ್ಲೆಯನ್ನು ಬಲವಾಗಿ ಒತ್ತಿದ್ದರೆ, ಸುರಿದ ಕುದಿನೀರು ಮೇಲೆಯೇ ನಿಂತುಬಿಡುವುದು. ತಳದ ರಂಧ್ರಗಳೇನೂ ನಿನ್ನೆಗಿಂತ ಇಂದು ಕಿರಿದಾಗಿಲ್ಲ. ರಂಧ್ರಗಳ ಮೇಲೆ ಕುಳಿತ ಪುಡಿಯೇ ಎರಡನೆಯ ಜಾಲರಿಯಾಗಿ ನೀರನ್ನು ತಡೆಯುತ್ತಿದೆ. ಅಡಿಗೆಯ ಮನೆಯ ಈ ಅಲ್ಪ ಸಂಗತಿಯು ದೊಡ್ಡ ದೊಡ್ಡ ಕಾರ್ಖಾನೆಗಳ ಕೊಳವೆಗಳೊಳಗೂ ನಡೆಯುವುದು. ಒಮ್ಮೆ ಸ್ವೀಡನ್ ದೇಶದಲ್ಲಿ ಅದು ಐದು ಅಣುವಿದ್ಯುತ್ ಯಂತ್ರಗಳನ್ನು ನಿಲ್ಲಿಸಿತು. ಆ ವೃತ್ತಾಂತವನ್ನು ಹೇಳುವುದಕ್ಕೆಂದೇ ಈ ಲೇಖನವನ್ನು ಬರೆಯಲು ಕುಳಿತಿದ್ದೇವೆ.

ಸೋಸುವ ಸಾಧನವು ಮನುಷ್ಯನಿಗೆ ಹೊಸದಲ್ಲ. ಜರಡಿಗೆ ವೇದದಲ್ಲಿ 'ತಿತಉ' ಎಂಬ ಹೆಸರುಂಟು. ಒಂದೇ ಪದದೊಳಗೆ ಎರಡು ಸ್ವರಗಳು ಸಂಧಿಯಾಗದೆ ಅಕ್ಕಪಕ್ಕದಲ್ಲಿ ನಿಂತಿರುವ ಈ ವಿಚಿತ್ರ ಶಬ್ದವನ್ನು ಹಲಗೆಯ ಮೇಲೆ ಬರೆದು ಓದಿಸಿದಾಗ ನಮ್ಮ ಶಿಷ್ಯರು ತಪ್ಪದೆ ನಗುತ್ತಿದ್ದರು. ಸೋಮರಸವನ್ನು ಸೋಸುತ್ತಿದ್ದ ಕುರಿಯ ಉಣ್ಣೆಯ ಸಾಧನಕ್ಕೆ 'ಪವಿತ್ರ'ವೆಂದೇ ಹೆಸರು. ಉಣ್ಣೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದು ಬೇರೊಂದು ವೇಷದಲ್ಲಿ ಬರುವುದು.

ಕಾರ್ಖಾನೆಗಳಲ್ಲಿ ದ್ರವವನ್ನು ಒಯ್ಯುವ ಕೊಳವೆಯ ನಡುವೆ, ಹೆಚ್ಚಾಗಿ ಪಂಪಿಗೆ ಸ್ವಲ್ಪ ಮುಂಚೆ, ದಪ್ಪ ಹೊಟ್ಟೆಯ ಲೋಹದ ಪಾತ್ರೆಯೊಂದನ್ನು ಕೂಡಿಸಿರುವರು. ಅದರೊಳಗೆ ಮೈಯೆಲ್ಲ ರಂಧ್ರಗಳಿರುವ, ಎತ್ತಿ ತೆಗೆಯಲು ಹಿಡಿಯುಳ್ಳ ತಗಡಿನ ಬುಟ್ಟಿಯೊಂದು ಕುಳಿತಿರುವುದು. ದ್ರವವು ಬುಟ್ಟಿಯ ಬಾಯಿಂದ ಒಳಹೊಕ್ಕು ರಂಧ್ರಗಳ ಮೂಲಕ ಹೊರಬೀಳುವುದು. ಕಸವು ಬುಟ್ಟಿಯಲ್ಲಿಯೇ ಉಳಿಯುವುದು. ಇಂಗ್ಲಿಷಿನಲ್ಲಿ ಇದನ್ನು 'ಬ್ಯಾಸ್ಕೆಟ್ ಸ್ಟ್ರೇನರ್' ಎನ್ನುವರು. ನಾವು ಸೋಸುಬುಟ್ಟಿ ಎನ್ನೋಣ. ಇನ್ನೂ ನುಣುಪಾದ ಕಸವನ್ನು ಹಿಡಿಯಬೇಕಾದಲ್ಲಿ ಬುಟ್ಟಿಯೊಳಗೆ ತಂತಿಯ ಜಾಲರಿಯನ್ನು ಹೊದಿಸುವರು. 100ನೆಯ ಅಂಕದ ಜಾಲರಿಯೆಂದರೆ ಒಂದು ಅಂಗುಲ ಉದ್ದದಲ್ಲಿ 100 ಕಣ್ಣುಗಳು. ಒಂದೊಂದು ಕಣ್ಣಿನ ಅಗಲ ಸುಮಾರು 0.15 ಮಿಲಿಮೀಟರು.

ಇದರ ಉಪಯೋಗಗಳು ಬಹುವಿಧವಾಗಿವೆ. ಹಡಗುಗಳು ಯಂತ್ರವನ್ನು ತಂಪುಮಾಡಲು ಸಮುದ್ರದ ನೀರನ್ನೇ ಸೇದಿಕೊಳ್ಳುವುವು. ಆ ನೀರಿನೊಡನೆ ಬರುವ ಪಾಚಿ, ಚಿಪ್ಪು, ಅಂಬಲಿಮೀನುಗಳನ್ನು ಸೋಸುಬುಟ್ಟಿಯೇ ಹಿಡಿಯಬೇಕು. ಬಣ್ಣದ ಕಾರ್ಖಾನೆಯಲ್ಲಿ ಹೆಪ್ಪುಗಟ್ಟಿದ ತುಣುಕುಗಳನ್ನು ಡಬ್ಬಿಗೆ ಹೋಗದಂತೆ ತಡೆಯುವುದೂ ಅದೇ. ಚಾಕೊಲೇಟನ್ನು ಸೋಸುವಾಗ ಅದು ತಣಿದು ಗಟ್ಟಿಯಾಗದಿರಲೆಂದು ಪಾತ್ರೆಯ ಸುತ್ತ ಬಿಸಿನೀರು ಹರಿಯುವ ಕವಚವನ್ನು ತೊಡಿಸುವರು. ಕಬ್ಬಿಣದ ಚೂರುಗಳನ್ನು ಹಿಡಿಯಲು ಕೆಲವೆಡೆ ಬುಟ್ಟಿಯೊಳಗೆ ಅಯಸ್ಕಾಂತವನ್ನಿಡುವುದುಂಟು. ಕ್ಷಣಮಾತ್ರವೂ ಹರಿವು ನಿಲ್ಲಕೂಡದ ಸ್ಥಳಗಳಲ್ಲಿ, ಹಡಗಿನ ಯಂತ್ರದ ಎಣ್ಣೆಯ ದಾರಿಯಲ್ಲಿರುವಂತೆ, ಜೋಡಿಬುಟ್ಟಿಗಳಿರುವುವು. ತಿರುಪನ್ನು ಹೊರಳಿಸಿ ಹರಿವನ್ನು ಒಂದರಿಂದ ಇನ್ನೊಂದಕ್ಕೆ ಕಳುಹಿಸಿ, ಕಟ್ಟಿಕೊಂಡುದನ್ನು ತೊಳೆಯುವರು.

ಆದರೆ ಕಸವನ್ನು ಹಿಡಿಯುವ ವಸ್ತುವು ಹಿಡಿದಷ್ಟೂ ಕಟ್ಟಿಕೊಳ್ಳುವುದು. ಪಂಪಿಗೆ ನೀರು ಸಾಲದೆ ಹೋದರೆ ಅದರ ಬಾಯಲ್ಲಿ ಒತ್ತಡವಿಳಿದು, ನೀರು ತಣ್ಣಗಿರುವಾಗಲೇ ಕುದಿದು ಗುಳ್ಳೆಗಳಾಗುವುದು. ಆ ಗುಳ್ಳೆಗಳು ಒಡೆಯುವ ಪೆಟ್ಟಿಗೆ ಪಂಪಿನ ಚಕ್ರದ ಲೋಹವೇ ಗುಳಿಬೀಳುವುದು. ಆದುದರಿಂದ ಬುಟ್ಟಿಯ ಹಿಂದೊಂದು, ಮುಂದೊಂದು ಒತ್ತಡಮಾಪಕವನ್ನಿಟ್ಟು, ಅವೆರಡರ ಅಂತರವು ಹೆಚ್ಚಿತೆಂದರೆ ಬುಟ್ಟಿಯನ್ನು ತೊಳೆಯುವ ಕಾಲ ಬಂದಿತೆಂದು ತಿಳಿಯುವರು. ರಂಧ್ರಗಳ ಒಟ್ಟು ವಿಸ್ತಾರವೂ ಕೊಳವೆಯ ಬಾಯಿಗಿಂತ ಹಲವು ಪಟ್ಟು ಹೆಚ್ಚಾಗಿರುವಂತೆ ಮೊದಲೇ ನೋಡಿಕೊಳ್ಳುವರು.

ತೊಳೆಯುವ ಬೇಸರದಿಂದ ಬುಟ್ಟಿಯನ್ನೇ ಕಿತ್ತೊಗೆದರೆ ಏನಾಗುವುದೆಂಬುದನ್ನು ನಾವು ಸ್ವಂತ ಖರ್ಚಿನಿಂದ ಕಲಿತಿದ್ದೇವೆ. ನಮ್ಮ ಮನೆಯ ನೆಲತೊಟ್ಟಿಯಿಂದ ಮಾಳಿಗೆಗೆ ನೀರೇರಿಸುವ ಪಂಪಿನ ಮುಂದೆ ಗೇಣುದ್ದದ ಸೋಸುಬುಟ್ಟಿಯಿತ್ತು. ವಾರಕ್ಕೊಮ್ಮೆ ಕಟ್ಟಿಕೊಳ್ಳುತ್ತಿದ್ದ ಅದನ್ನು ದುರಸ್ತಿಗೆ ಬಂದ ಕೆಲಸಗಾರನೊಬ್ಬನು, "ಇದೇ ಸ್ವಾಮಿ ನಿಮಗೆ ತೊಂದರೆ" ಎಂದು ತೆಗೆದು ಕಿಟಕಿಯ ಮೇಲಿಟ್ಟನು. ನೀರು ಧಾರಾಳವಾಗಿ ಬಂದಿತು. ನಾವು ಅವನಿಗೆ ಇನಾಮನ್ನೂ ಕೊಟ್ಟೆವು. ಮೂರನೆಯ ತಿಂಗಳಲ್ಲಿ ತೆಂಗಿನ ನಾರು ಪಂಪಿನ ಚಕ್ರಕ್ಕೆ ಸುತ್ತಿಕೊಂಡು, ಅದು ತಿರುಗಲಾರದೆ ಮೋಟಾರಿನ ಸುರುಳಿ ಸುಟ್ಟುಹೋಯಿತು. ಎರಡು ದಿನ ಬೀದಿಯ ನಲ್ಲಿಯಿಂದ ನೀರು ಹೊತ್ತ ನಮ್ಮ ಮನೆಯವರು ಆ ಇನಾಮಿನ ಮಾತನ್ನು ಇಂದಿಗೂ ಮರೆತಿಲ್ಲ.

ಇನ್ನು ಸ್ವೀಡನ್ನಿನ ವೃತ್ತಾಂತ. ಆ ದೇಶದ ದಕ್ಷಿಣದಲ್ಲಿ, ಕೋಪನ್‌ಹೇಗನ್ ನಗರಕ್ಕೆ ಎದುರಾಗಿ, ಕಿರಿದಾದ ಸಮುದ್ರದ ಈಚೆಯ ದಡದಲ್ಲಿ ಬಾರ್ಸೆಬೆಕ್ ಎಂಬಲ್ಲಿ ಎರಡು ಅಣುವಿದ್ಯುತ್ ಯಂತ್ರಗಳಿದ್ದುವು. ಇಂಥ ಯಂತ್ರದಲ್ಲಿ ಅಣುವಿನ ಶಾಖದಿಂದ ನೀರು ಕುದಿದು ಉಗಿಯಾಗುವುದು. ಕೊಳವೆಯೇನಾದರೂ ಒಡೆದರೆ ಉಗಿ ಹೊರಗೆ ಹೋಗದಂತೆ ಯಂತ್ರದ ಸುತ್ತ ಭದ್ರವಾದ ಕೋಟೆಯನ್ನು ಕಟ್ಟಿ, ಅದರ ತಳದಲ್ಲಿ ದೊಡ್ಡ ನೀರಿನ ಕೊಳವನ್ನಿಟ್ಟಿರುವರು. ಅಪಾಯದ ಕಾಲದಲ್ಲಿ ಪಂಪುಗಳು ಈ ಕೊಳದ ನೀರನ್ನು ಸೇದಿ ಒಳಗೆಲ್ಲ ಸಿಂಪಡಿಸಬೇಕು, ಅಣು ಇಂಧನವನ್ನು ತಂಪಾಗಿಡಬೇಕು. ಆ ಪಂಪುಗಳು ನೀರು ಸೇದುವ ಬಾಯಿಗಳಿಗೆ ಸೋಸುವ ಜಾಲರಿಗಳಿದ್ದುವು. ಕೊಳವೆಯ ನಡುವೆ ಕೂರುವ ಬುಟ್ಟಿಯ ಒಡಹುಟ್ಟುಗಳೆಂದು ಅವನ್ನು ಭಾವಿಸಬಹುದು.

1992ನೆಯ ಇಸವಿ ಜುಲೈ ತಿಂಗಳು 28ನೆಯ ತಾರೀಖು, ವಾರ್ಷಿಕ ದುರಸ್ತಿಯನ್ನು ಮುಗಿಸಿ ಎರಡನೆಯ ಯಂತ್ರವನ್ನು ಮೆಲ್ಲಗೆ ಚಾಲನೆಗೆ ತರುತ್ತಿದ್ದರು. ಆಗ ರಕ್ಷಣೆಗಾಗಿ ಇಟ್ಟಿದ್ದ ಕವಾಟವೊಂದು ಅಕಾರಣವಾಗಿ ತೆರೆದುಕೊಂಡಿತು. ನುಗ್ಗಿದ ಉಗಿಯು ಅಕ್ಕಪಕ್ಕದ ಕೊಳವೆಗಳ ಹೊದಿಕೆಯನ್ನು ಹರಿದು ಚಿಂದಿಮಾಡಿತು. ಶಾಖವು ಸೋರಿಹೋಗದಿರಲೆಂದು ಕೊಳವೆಗಳಿಗೆ ಹೊದಿಸಿದ್ದ ಆ ಪದಾರ್ಥವು ಕಲ್ಲನ್ನು ಕರಗಿಸಿ ನೂತ ಖನಿಜದ ಉಣ್ಣೆ! ಸುಮಾರು 200 ಕಿಲೋಗ್ರಾಂ ಉಣ್ಣೆ ಕಳಚಿ, ಅದರಲ್ಲಿ ಸರಿಸುಮಾರು ಅರ್ಧವು ಸಿಂಪಡಿಸಿದ ನೀರಿನೊಡನೆ ಕೆಳಗಣ ಕೊಳಕ್ಕೆ ಇಳಿಯಿತು. ಇಂಥ ಸಂದರ್ಭದಲ್ಲಿ ಜಾಲರಿಗಳನ್ನು ತೊಳೆಯಬೇಕಾಗುವುದು ಹತ್ತು ಗಂಟೆಗಳು ಕಳೆದ ಮೇಲೆಯೇ ಎಂದು ಮೊದಲು ಲೆಕ್ಕ ಹಾಕಿದ್ದರು. ಸುಮಾರು 70 ನಿಮಿಷಗಳಲ್ಲಿಯೇ ಅವು ಕಟ್ಟಿಕೊಂಡುವು. ಕಾವಲಿನಲ್ಲಿದ್ದವರು ನೀರನ್ನು ಹಿಮ್ಮುಖವಾಗಿ ಹರಿಸಿ ಜಾಲರಿಗಳನ್ನು ತೆರವುಮಾಡಿದರು. ಯಂತ್ರವು ಅಲ್ಪಶಕ್ತಿಯಲ್ಲಿದ್ದುದರಿಂದ ಯಾರಿಗೂ ಹಾನಿಯಾಗಲಿಲ್ಲ. ಪೂರ್ಣಶಕ್ತಿಯಲ್ಲಿದ್ದಾಗ ದೊಡ್ಡ ಕೊಳವೆಯೇ ಒಡೆದಿದ್ದರೆ ಎಂಬ ಪ್ರಶ್ನೆ ಮಾತ್ರ ಉಳಿಯಿತು. ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ಅಧಿಕಾರಿಗಳು ಇದೇ ಬಗೆಯ ಜಾಲರಿಗಳಿದ್ದ ಐದು ಹಳೆಯ ಯಂತ್ರಗಳನ್ನು ನಿಲ್ಲಿಸಿ, ಅವುಗಳನ್ನು ತಿದ್ದಿದ ಹೊರತು ನಡೆಸಕೂಡದೆಂದರು.

ಲೆಕ್ಕವು ಇಷ್ಟು ದೂರ ತಪ್ಪಿದುದು ಹೇಗೆ? ಅಮೆರಿಕದಲ್ಲಿ 1974ರಲ್ಲಿ ಹೊರಟ ಮಾರ್ಗಸೂತ್ರವೊಂದು, ಇಂಥ ಜಾಲರಿಯು ಅರ್ಧದಷ್ಟು ಕಟ್ಟಿಕೊಂಡಿದೆಯೆಂದು ಭಾವಿಸಿ ಉಳಿದ ಗಣಿತವನ್ನು ಮಾಡತಕ್ಕದ್ದೆಂದು ಹೇಳಿತ್ತು. ಕಸ ಯಾವುದು, ಎಷ್ಟು ಎಂಬ ವಿಚಾರವಿಲ್ಲದೆ, ಅರ್ಧ! ಲೆಕ್ಕದ ಪರೀಕ್ಷೆಯಲ್ಲಿ ಉತ್ತರ ತೋಚದ ಹುಡುಗನು ಬರೆಯುವ ಉತ್ತರದಂತಿದೆ ಇದು. 1985ರಲ್ಲಿ ಅದನ್ನು ತಿದ್ದಿದರು. ಆದರೂ ನಾರಿನ ನಿಜವಾದ ಸ್ವಭಾವವು ಮನವರಿಕೆಯಾದುದು ಬಾರ್ಸೆಬೆಕ್ಕಿನ ಅನಂತರ ನಡೆದ ಪ್ರಯೋಗಗಳಿಂದ. ಜಾಲರಿಯ ಮೇಲೆ ನಾರಿನ ತೆಳುವಾದ ಪದರವೊಂದು ಕುಳಿತರೆ ಸಾಕು, ಜಾಲರಿಯ ಕಣ್ಣಿನಿಂದ ಸುಲಭವಾಗಿ ಹಾದುಹೋಗುತ್ತಿದ್ದ ತುಕ್ಕಿನ ಹುಡಿಯೂ ಬಣ್ಣದ ಪುಡಿಯೂ ಆ ನಾರಿನಲ್ಲಿ ಸಿಕ್ಕಿಕೊಳ್ಳುವುವು. ನೀರಿಗೆ ಅಡ್ಡಿ ಒಮ್ಮೆಲೇ ಏರುವುದು. ದಪ್ಪನಾದ ಬರಿಯ ನಾರಿನ ಹೊದಿಕೆಗಿಂತ, ಹುಡಿ ತುಂಬಿದ ತೆಳುಪದರವೇ ಹೆಚ್ಚು ಘಾತುಕವಾಗಬಲ್ಲುದು. ಪೆನ್ಸಿಲ್ವೇನಿಯದ ಲಿಮರಿಕ್ ಎಂಬಲ್ಲಿ 1995ರ ಸೆಪ್ಟೆಂಬರಿನಲ್ಲಿ ಹೀಗೆಯೇ ಪಂಪೊಂದು ತಡವರಿಸಿತು; ಮುಳುಗಿ ನೋಡಿದಾಗ ಅದರ ಜಾಲರಿಯ ಮೇಲೆ ನಾರಿನ ತೆಳುಚಾಪೆಯೂ ಅದರಲ್ಲಿ ತುಕ್ಕಿನ ಕೆಸರೂ ಕಂಡುವು. ಕರೆಯದೆ ಬಂದ ಉಣ್ಣೆಯು ತಾನೇ ಪವಿತ್ರವಾಗಿ ಕುಳಿತುಬಿಟ್ಟಿತೆನ್ನಬೇಕು.

ಕಣ್ಣುಗಳನ್ನು ಹಿಗ್ಗಿಸಿದರೆ ಕಸವು ಒಳಕ್ಕೆ ಹೋಗುವುದು; ಕುಗ್ಗಿಸಿದರೆ ಬೇಗನೆ ಕಟ್ಟುವುದು. ಉಳಿದ ದಾರಿ, ಜಾಲರಿಯ ಹರವನ್ನೇ ಹೆಚ್ಚಿಸುವುದು. ಮುಂದಿನ ವರ್ಷಗಳಲ್ಲಿ ಅಮೆರಿಕದ ಅಣುವಿದ್ಯುದಾಗಾರಗಳಲ್ಲಿ ಹಳೆಯ ಪುಟ್ಟ ಜಾಲರಿಗಳನ್ನು ತೆಗೆದು, ಹಲವು ಪಟ್ಟು ದೊಡ್ಡವನ್ನು ಕೂಡಿಸಿದರು. ಅಷ್ಟು ಸ್ಥಳವೆಲ್ಲಿದೆ ಎಂದರೆ, ತಟ್ಟೆಗಳನ್ನು ಸ್ವಲ್ಪ ಸ್ವಲ್ಪ ಸಂದುಬಿಟ್ಟು ಒಂದರ ಮೇಲೊಂದು ಪೇರಿಸಿದಂತೆ ರಂಧ್ರದ ತಗಡುಗಳನ್ನು ಜೋಡಿಸಿ, ಸ್ವಲ್ಪ ಜಾಗದಲ್ಲಿಯೇ ಬಹಳ ಹರವನ್ನು ಅಡಗಿಸಿದರು. ಉಗಿಯ ಹೊಡೆತಕ್ಕೆ ಚಿಂದಿಯಾಗುವ ಹೊದಿಕೆಗಳನ್ನೂ ಅನೇಕ ಕಡೆ ಬದಲಾಯಿಸಿದರು. ಬಾರ್ಸೆಬೆಕ್ಕಿನ ಯಂತ್ರಗಳಾದರೋ ದೇಶದ ರಾಜಕೀಯ ನಿರ್ಧಾರದಿಂದ ಒಂದು 1999ರಲ್ಲಿ, ಇನ್ನೊಂದು 2005ರಲ್ಲಿ ಶಾಶ್ವತವಾಗಿ ನಿಂತುವು.

ನಮ್ಮ ಮನೆಯ ಪಂಪಿಗೆ ಈಗ ಹಿಂದಿನದಕ್ಕಿಂತ ಎರಡರಷ್ಟು ಉದ್ದದ ಬುಟ್ಟಿಯಿದೆ, ಕಣ್ಣುಗಳು ಹಿಂದಿನಷ್ಟೇ. ತಿಂಗಳಿಗೊಮ್ಮೆ ಮೋಟಾರಿನ ಗುಂಡಿಯನ್ನು ಆರಿಸಿ, ಮುಚ್ಚಳ ಬಿಚ್ಚಿ ಬುಟ್ಟಿಯನ್ನು ಎತ್ತಿ, ಹೊರಗಿನಿಂದ ಒಳಕ್ಕೆ ನೀರು ಬಿಟ್ಟು ತೊಳೆಯುತ್ತೇವೆ. ಮತ್ತೆ ಮುಚ್ಚುವ ಮೊದಲು ಪಾತ್ರೆಯನ್ನು ನೀರಿನಿಂದ ತುಂಬಬೇಕು. ಇಲ್ಲವಾದರೆ ಗಾಳಿ ಹಿಡಿದು ಪಂಪು ನೀರೆಳೆಯದು. ಕಳೆದ ಸಲ ಬುಟ್ಟಿಯಲ್ಲಿ ಬೇವಿನೆಲೆಗಳೂ ಒಂದು ಹಿಡಿ ತೆಂಗಿನ ನಾರೂ, ಮೊಮ್ಮಗನು ಯುಗಾದಿಯಿಂದ ಹುಡುಕುತ್ತಿದ್ದ ಗೋಲಿಯೊಂದೂ ಸಿಕ್ಕಿದುವು.