ಹಳೆಯ ಕಾರುಗಳಿಗೆ ದೂರನಿಯಂತ್ರಿತ ಎಂಜಿನ್ ತಡೆ: ವೈರಿಂಗ್‌ನಲ್ಲಿ ವಹಿಸಬೇಕಾದ ಎಚ್ಚರ

ಉತ್ತರಪಾಡಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ಕಾರಿನ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತಿತು. ಪ್ರೀಮಿಯರ್ ಪದ್ಮಿನಿ ಅದಕ್ಕೂ ಮೊದಲೇ ಮಾರುಕಟ್ಟೆಯಿಂದ ಮರೆಯಾಗಿತ್ತು. ಒಂದು ಕಾಲದಲ್ಲಿ ಬಾಡಿಗೆಗೆ ಓಡುತ್ತಿದ್ದ ಈ ಕಾರುಗಳು ಇಂದು ಸಂಗ್ರಾಹಕರ ಆಸ್ತಿಯಾಗಿವೆ. ಮದುವೆ ಮೆರವಣಿಗೆ, ಚಲನಚಿತ್ರ ಚಿತ್ರೀಕರಣ ಮತ್ತು ಹೋಟೆಲ್ ಉದ್ಯಮದಲ್ಲಿ ಆದಾಯವನ್ನೂ ತರುತ್ತಿವೆ. ಆದರೆ ಅವುಗಳ ರಕ್ಷಣೆಗೆ ಇರುವುದು ಇಂದಿಗೂ ಒಂದು ಸಾಮಾನ್ಯ ಬೀಗದಕೈ ಮಾತ್ರ. ಯೂರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಕಡ್ಡಾಯವಾದ ವಿದ್ಯುನ್ಮಾನ ಎಂಜಿನ್ ತಡೆ ವ್ಯವಸ್ಥೆ ಇವುಗಳಲ್ಲಿ ಇಲ್ಲ. ಆದ್ದರಿಂದ ರಿಮೋಟ್ ಅಥವಾ ಮೊಬೈಲ್ ಸಂದೇಶದ ಮೂಲಕ ಎಂಜಿನ್ನನ್ನು ತಡೆಯುವ ಸಾಧನಗಳಿಗೆ ಬೇಡಿಕೆ ಬಂದಿರುವುದು ಸಹಜ. ಇಂತಹ ಸಾಧನವನ್ನು ಕೊಳ್ಳುವ ಮಾಲೀಕರೂ ಅಳವಡಿಸುವ ಗ್ಯಾರೇಜಿನವರೂ ತಿಳಿದಿರಬೇಕಾದ ಕೆಲವು ಮುಖ್ಯ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ತಡೆಯಬೇಕಾದುದು ಪ್ರಾರಂಭವನ್ನು, ಓಟವನ್ನಲ್ಲ

ಈ ವಿಷಯದಲ್ಲಿ ಮೊದಲು ಮನದಟ್ಟು ಮಾಡಿಕೊಳ್ಳಬೇಕಾದ ತತ್ತ್ವ ಒಂದೇ: ನಿಂತ ಕಾರು ಮತ್ತೆ ಹೊರಡದಂತೆ ತಡೆಯಬೇಕೇ ಹೊರತು ಓಡುತ್ತಿರುವ ಕಾರಿನ ಎಂಜಿನ್ನನ್ನು ನಿಲ್ಲಿಸಬಾರದು. ಕಳ್ಳನು ಕಾರನ್ನು ಒಯ್ಯುತ್ತಿರುವಾಗಲೇ ಗುಂಡಿ ಒತ್ತಿ ನಿಲ್ಲಿಸುವುದು ಆಕರ್ಷಕವೆನಿಸಬಹುದು. ಆದರೆ ಶಿರಾಡಿ ಅಥವಾ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಎಂಜಿನ್ ಹಠಾತ್ತನೆ ಸ್ಥಗಿತಗೊಂಡರೆ ಹಿಂದಿನಿಂದ ಬರುವ ಲಾರಿಗೆ ಅದರ ಅರಿವಾಗುವುದಿಲ್ಲ. ನಿರ್ವಾತ ಸಹಾಯದ ಬ್ರೇಕ್ ಇರುವ ಕಾರುಗಳಲ್ಲಿ ಎಂಜಿನ್ ನಿಂತ ಬಳಿಕ ಪೆಡಲನ್ನು ಕೆಲವು ಬಾರಿ ತುಳಿಯುವಷ್ಟರಲ್ಲಿ ಅದು ಬಹಳ ಗಡುಸಾಗುತ್ತದೆ. ಕಾರ್ಬುರೇಟರ್ ಇರುವ ಎಂಜಿನ್ನಿನಲ್ಲಿ ಗೇರ್ ಬಿದ್ದಿರುವಾಗಲೇ ಕಿಡಿ ನಿಂತರೆ ಉರಿಯದ ಪೆಟ್ರೋಲ್ ಸೈಲೆನ್ಸರಿನಲ್ಲಿ ಸೇರಿಕೊಳ್ಳುತ್ತದೆ. ಸಂಪರ್ಕ ಮರಳಿದಾಗ ಅದು ಸಿಡಿಯಬಹುದು. ಕಾರನ್ನು ಉಳಿಸಲು ಹೋಗಿ ದಾರಿಹೋಕರ ಪ್ರಾಣಕ್ಕೆ ಸಂಚಕಾರ ತರುವುದು ಯಾರಿಗೂ ಒಪ್ಪಿತವಲ್ಲ.

ಆದ್ದರಿಂದ, ತಡೆಯ ಆಜ್ಞೆ ಬಂದರೂ ಕೀಲಿಯನ್ನು ಆಫ್ ಮಾಡಿದ ನಂತರವೇ ಅದನ್ನು ಜಾರಿಗೊಳಿಸುವ ಸಾಧನವನ್ನು ಆರಿಸಿಕೊಳ್ಳತಕ್ಕದ್ದು. ಕೆಲವು ಜಿಪಿಎಸ್ ಸಾಧನಗಳು ವೇಗವು ಒಂದು ಮಿತಿಗಿಂತ ಕಡಿಮೆಯಾದಾಗ ಮಾತ್ರ ಕಡಿತಗೊಳಿಸುತ್ತವೆ. ಇದು ಒಂದು ಮಟ್ಟದ ರಕ್ಷಣೆಯೇ ಆದರೂ ರೈಲ್ವೆ ಗೇಟನ್ನು ನಿಧಾನವಾಗಿ ದಾಟುತ್ತಿರುವ ಕಾರಿಗೆ ಅದು ಸಾಲದು.

ಎಲ್ಲಿ ಕಡಿತ ಮಾಡಬೇಕು?

ಪೆಟ್ರೋಲ್ ಕಾರಿನಲ್ಲಿ ಕಡಿತಕ್ಕೆ ಎರಡು ಸ್ಥಳಗಳಿವೆ. ಮೊದಲನೆಯದು ಕೀಲಿಯಿಂದ ಸೆಲ್ಫ್ ಮೋಟಾರಿನ ಸೊಲೆನಾಯ್ಡ್‌ಗೆ ಹೋಗುವ ತಂತಿ. ಇಲ್ಲಿ ಕಡಿತವಾದರೆ ಓಡುತ್ತಿರುವ ಎಂಜಿನ್ನಿಗೆ ಯಾವ ಬಾಧೆಯೂ ಇಲ್ಲ. ಆದುದರಿಂದ ಇದೇ ಅತ್ಯಂತ ಸುರಕ್ಷಿತ. ಆದರೆ ಹಳೆಯ ಕಾರನ್ನು ತಳ್ಳಿ ಅಥವಾ ಹ್ಯಾಂಡಲ್ ತಿರುಗಿಸಿ ಚಾಲೂ ಮಾಡಬಹುದೆಂಬುದನ್ನು ಮರೆಯುವಂತಿಲ್ಲ. ಎರಡನೆಯದು ಕೀಲಿಯಿಂದ ಇಗ್ನಿಷನ್ ಕಾಯಿಲ್‌ನ ಪ್ರಾಥಮಿಕ ಸುತ್ತಿಗೆ ಹೋಗುವ ತಂತಿ. ಇಲ್ಲಿ ಕಡಿತವಾದರೆ ತಳ್ಳಿದರೂ ಎಂಜಿನ್ ಚಾಲೂ ಆಗದು. ಆದರೆ ಸರಿಯಾದ ನಿಯಂತ್ರಣವಿಲ್ಲದಿದ್ದರೆ ಓಟದಲ್ಲಿ ನಿಲ್ಲುವ ಅಪಾಯವಿರುವುದು ಇಲ್ಲಿಯೇ. ಎರಡನ್ನೂ ಒಟ್ಟಿಗೆ ಅಳವಡಿಸಿ, ಎರಡನೆಯದಕ್ಕೆ ಮೇಲೆ ಹೇಳಿದ ಷರತ್ತನ್ನು ವಿಧಿಸುವುದು ಉತ್ತಮ.

ಡಿಸ್ಟ್ರಿಬ್ಯೂಟರಿನ ಪಾಯಿಂಟಿಗೆ ಹೋಗುವ ತಂತಿಯನ್ನು ಗುಪ್ತ ಸ್ವಿಚ್ಚಿನಿಂದ ಅರ್ಥ್ ಮಾಡುವ ಹಳೆಯ ಉಪಾಯವೂ ಒಂದಿದೆ. ಕಳ್ಳನು ಬ್ಯಾಟರಿಯಿಂದ ಕಾಯಿಲ್‌ಗೆ ನೇರವಾಗಿ ತಂತಿ ಎಳೆದರೂ ಕಿಡಿ ಬಾರದು ಎಂಬುದು ಅದರ ಗುಣ. ಆದರೆ ಕೀಲಿ ಆನ್ ಆಗಿಯೇ ಉಳಿದರೆ ಕಾಯಿಲ್‌ನಲ್ಲಿ ಸತತವಾಗಿ ವಿದ್ಯುತ್ ಹರಿದು ಅದು ಕಾದು ಹಾಳಾಗುವ ಸಂಭವವಿದೆ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲದಿರುವುದರಿಂದ ಕಾಯಿಲ್‌ನ ಮಾತೇ ಬರುವುದಿಲ್ಲ. ಇಂಜೆಕ್ಷನ್ ಪಂಪಿನಲ್ಲಿ ವಿದ್ಯುತ್ ಸೊಲೆನಾಯ್ಡ್ ಇದ್ದರೆ ಅದರ ತಂತಿಯನ್ನು ಇದೇ ಷರತ್ತಿನೊಂದಿಗೆ ಬಳಸಬಹುದು. ಕೈಯಿಂದ ಎಳೆದು ನಿಲ್ಲಿಸುವ ತಂತಿ ಮಾತ್ರ ಇರುವ ಕಾರುಗಳಿಗೆ ಸೆಲ್ಫ್ ಕಡಿತವೇ ಸರಳ ಮಾರ್ಗ.

ರಿಲೇ ಜೋಡಣೆ

12 ವೋಲ್ಟಿನ ಸಾಮಾನ್ಯ ಐದು ಕಾಲಿನ ರಿಲೇಯಲ್ಲಿ 30, 85, 86, 87 ಮತ್ತು 87ಎ ಎಂಬ ಗುರುತುಗಳಿರುತ್ತವೆ. ರಿಲೇಗೆ ವಿದ್ಯುತ್ ಇಲ್ಲದಾಗ 30 ಮತ್ತು 87ಎ ಕೂಡಿರುತ್ತವೆ. ವಿದ್ಯುತ್ ಬಂದಾಗ 30 ಮತ್ತು 87 ಕೂಡುತ್ತವೆ. ಇಗ್ನಿಷನ್ ಮಾರ್ಗದಲ್ಲಿ ಕೀಲಿಯಿಂದ ಬರುವ ತಂತಿಯನ್ನು 30ಕ್ಕೂ ಕಾಯಿಲ್‌ಗೆ ಹೋಗುವ ತಂತಿಯನ್ನು 87ಎಗೂ ಕೊಡಬೇಕು. ಹೀಗೆ ಮಾಡಿದರೆ ರಿಲೇಯ ಸುರುಳಿ ಸುಟ್ಟರೂ ಸಾಧನ ಕೆಟ್ಟರೂ ಎಂಜಿನ್ ಓಡುತ್ತಲೇ ಇರುತ್ತದೆ. ರಿಲೇಯ 86ನ್ನು ಕೀಲಿ ಆನ್ ಆದಾಗ ಮಾತ್ರ ವಿದ್ಯುತ್ ಬರುವ ತಂತಿಗೆ ಸೇರಿಸಿ, 85ನ್ನು ಸಾಧನದ ತಡೆಯ ತಂತಿಗೆ ಕೊಟ್ಟರೆ ಕಾರು ನಿಂತಿರುವಾಗ ರಿಲೇಯು ಬ್ಯಾಟರಿಯನ್ನು ಹೀರುವುದಿಲ್ಲ.

ಸೆಲ್ಫ್ ಮಾರ್ಗದಲ್ಲಿ ಇದಕ್ಕೆ ವಿರುದ್ಧವಾದ ಕ್ರಮ ಲೇಸು. ಸಾಧನದಲ್ಲಿ ಅನುಮತಿ ಸೂಚಿಸುವ ಪ್ರತ್ಯೇಕ ತಂತಿ ಇದ್ದರೆ 30 ಮತ್ತು 87ನ್ನು ಬಳಸಬೇಕು. ಕಳ್ಳನು ಸಾಧನದ ತಂತಿಗಳನ್ನು ಕಿತ್ತರೂ ಸೆಲ್ಫ್ ಹೊಡೆಯದು. ಸಾಧನ ತಾನಾಗಿ ಕೆಟ್ಟರೆ ಕಾರು ನಿಂತಲ್ಲೇ ನಿಲ್ಲುತ್ತದೆಯೇ ಹೊರತು ಓಟದಲ್ಲಿ ತೊಂದರೆಯಾಗದು. ಅಂತಹ ಸಂದರ್ಭಕ್ಕಾಗಿ ಮಾಲೀಕರಿಗೆ ಮಾತ್ರ ತಿಳಿದ ಸ್ಥಳದಲ್ಲಿ ಒಂದು ಬೈಪಾಸ್ ಸ್ವಿಚ್ ಇರಲಿ.

ಹಳೆಯ ಕಾಯಿಲ್‌ಗಳ ಪ್ರಾಥಮಿಕ ಸುತ್ತಿನ ರೋಧ ಸುಮಾರು 3 ಓಮ್ ಆಗಿದ್ದು, ಸುಮಾರು 4 ಆಂಪಿಯರ್ ವಿದ್ಯುತ್ ಹರಿಯುತ್ತದೆ. ಸೆಲ್ಫ್ ಮೋಟಾರಿನ ಮೇಲೆಯೇ ಇರುವ ಸೊಲೆನಾಯ್ಡ್ ಇದಕ್ಕಿಂತ ಎಷ್ಟೋ ಹೆಚ್ಚು ಎಳೆಯುವುದರಿಂದ 30 ಅಥವಾ 40 ಆಂಪಿಯರಿನ ರಿಲೇ ಮತ್ತು ತಕ್ಕ ದಪ್ಪದ ತಂತಿ ಬೇಕು. ರಿಲೇ ಸುರುಳಿಗೆ ಅಡ್ಡಲಾಗಿ 1ಎನ್4007 ಡಯೋಡನ್ನು, ಅದರ ಪಟ್ಟಿಯಿರುವ ತುದಿ ಧನ ಕಡೆಗೆ ಬರುವಂತೆ, ಜೋಡಿಸಿದರೆ ವಿದ್ಯುನ್ಮಾನ ಸಾಧನಕ್ಕೆ ಹಿಮ್ಮುಖ ಹೊಡೆತ ತಟ್ಟುವುದಿಲ್ಲ. ಸಾಧನಕ್ಕೆ ಹೋಗುವ ತಂತಿಗೆ ಬ್ಯಾಟರಿಯ ಸಮೀಪದಲ್ಲಿಯೇ ಫ್ಯೂಸ್ ಹಾಕತಕ್ಕದ್ದು. ಸಾಧನವನ್ನು ಕಾಯಿಲ್ ಮತ್ತು ಪ್ಲಗ್ಗಿನ ತಂತಿಗಳಿಂದ ದೂರವಿಡಬೇಕು.

ಹಳೆಯ ಕಾರಿನ ವಿಶೇಷ ಸಮಸ್ಯೆಗಳು

1960ರ ದಶಕದವರೆಗಿನ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಚಾಸಿಗೆ ಜೋಡಿಸಲಾಗುತ್ತಿತ್ತು. ಇಂದಿನ ಸಾಧನಗಳು ಋಣ ತುದಿಯೇ ಚಾಸಿಯಲ್ಲಿದೆ ಎಂದು ಭಾವಿಸಿ ತಯಾರಾದವು. ಇದನ್ನು ಪರೀಕ್ಷಿಸದೆ ಜೋಡಿಸಿದರೆ ಮೊದಲ ಕ್ಷಣದಲ್ಲಿಯೇ ಸಾಧನ ಸುಡಬಹುದು. ಲೂಕಾಸ್ ಪದ್ಧತಿಯ ವೈರಿಂಗ್‌ನಲ್ಲಿ ಬಿಳಿ ತಂತಿ ಇಗ್ನಿಷನ್ನಿನದು, ಕೆಂಪು ಗೆರೆಯ ಬಿಳಿ ತಂತಿ ಸೆಲ್ಫಿನದು, ಕಂದು ತಂತಿ ನೇರ ಬ್ಯಾಟರಿಯದು. ಆದರೆ ದಶಕಗಳ ದುರಸ್ತಿಯಲ್ಲಿ ಬಣ್ಣಗಳು ಬದಲಾಗಿರಬಹುದಾದ್ದರಿಂದ ಮೀಟರಿನಿಂದ ಅಳೆದೇ ಮುಂದುವರಿಯಬೇಕು.

ಸಂಗ್ರಹದ ಕಾರು ವಾರಗಟ್ಟಲೆ ನಿಂತಿರುತ್ತದೆ. ಸಾಧನವು ಸದಾ 20 ಮಿಲಿ ಆಂಪಿಯರ್ ಬಳಸಿದರೆ ದಿನಕ್ಕೆ ಸುಮಾರು ಅರ್ಧ ಆಂಪಿಯರ್ ಗಂಟೆ ವ್ಯಯವಾಗಿ, 60 ಆಂಪಿಯರ್ ಗಂಟೆಯ ಬ್ಯಾಟರಿ ಎರಡು ತಿಂಗಳಲ್ಲಿ ಅರ್ಧಕ್ಕಿಳಿಯುತ್ತದೆ. ಕೊಳ್ಳುವ ಮುನ್ನ ಈ ಲೆಕ್ಕವನ್ನು ಮಾಡಿಕೊಳ್ಳುವುದು ಒಳಿತು.

ಮೂಲ ತಂತಿಗಳನ್ನು ಕತ್ತರಿಸದೆ, ಕಾಯಿಲ್ ಮತ್ತು ಸೊಲೆನಾಯ್ಡ್‌ನ ತುದಿಗಳಲ್ಲಿ ಕೂಡಿಸಿ ಬಿಡಿಸಬಹುದಾದ ಟರ್ಮಿನಲ್‌ಗಳನ್ನು ಬಳಸಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ವಿಂಟೇಜ್ ನೋಂದಣಿಗೆ ವಾಹನವು 50 ವರ್ಷಕ್ಕಿಂತ ಹಳೆಯದಾಗಿರುವುದಷ್ಟೇ ಅಲ್ಲ, ಮೂಲ ಸ್ವರೂಪದಲ್ಲಿಯೂ ಇರಬೇಕು. ಕಾರಿನ ಮೌಲ್ಯವೂ ಅದರ ಮೂಲ ಸ್ವರೂಪವನ್ನೇ ಅವಲಂಬಿಸಿದೆ.

ಕೀಲಿಕೈ ಯಾರ ಬಳಿ?

ದೂರದಿಂದ ತಡೆಯಬಲ್ಲ ಸಾಧನವನ್ನು ಬೇರೊಬ್ಬರೂ ದೂರದಿಂದ ನಿಯಂತ್ರಿಸಬಲ್ಲರು. 2022ರ ಜುಲೈಯಲ್ಲಿ ಮೈಕೋಡಸ್ ಎಂವಿ720 ಎಂಬ ಜಿಪಿಎಸ್ ಸಾಧನದಲ್ಲಿ ಗಂಭೀರ ಭದ್ರತಾ ಲೋಪಗಳಿವೆಯೆಂದು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆಯು ಎಚ್ಚರಿಸಿತು. ಅಪರಿಚಿತರು ಇಂಧನ ಪೂರೈಕೆಯನ್ನೇ ಕಡಿತಗೊಳಿಸುವ ಸಾಧ್ಯತೆ ಅದರಲ್ಲಿತ್ತು. ಆದ್ದರಿಂದ ಕಾರ್ಖಾನೆಯಿಂದ ಬಂದ ಗುಪ್ತಪದವನ್ನು ಅಳವಡಿಸಿದ ದಿನವೇ ಬದಲಿಸಬೇಕು. ರಿಮೋಟ್ ಆದಲ್ಲಿ ಪ್ರತಿಬಾರಿಯೂ ಸಂಕೇತ ಬದಲಾಗುವ ಮಾದರಿಯನ್ನೇ ಕೊಳ್ಳಬೇಕು. ಸಿಮ್ ಆಧಾರಿತ ಸಾಧನವು 2ಜಿ ಜಾಲವನ್ನಷ್ಟೇ ಬಳಸುವುದಾದರೆ, ಎಲ್ಲ ಮೊಬೈಲ್ ಸಂಸ್ಥೆಗಳೂ ಆ ಸೇವೆ ನೀಡುವುದಿಲ್ಲವೆಂಬುದನ್ನು ಗಮನಿಸಬೇಕು.

ಗ್ಯಾರೇಜಿನವರು ಕೆಲಸ ಮುಗಿದ ಮೇಲೆ ಮಾಲೀಕರ ಸಮಕ್ಷಮದಲ್ಲಿ ಮೂರು ಪರೀಕ್ಷೆಗಳನ್ನು ನಡೆಸುವುದು ಅವಶ್ಯ. ನಿಂತಲ್ಲೇ ಎಂಜಿನ್ ಓಡುತ್ತಿರುವಾಗ ತಡೆಯ ಆಜ್ಞೆ ಕೊಟ್ಟರೆ ಅದು ನಿಲ್ಲಬಾರದು. ಕೀಲಿ ತೆಗೆದ ಮೇಲೆ ಮತ್ತೆ ಚಾಲೂ ಆಗಬಾರದು. ಸಾಧನದ ಫ್ಯೂಸನ್ನು ಕಿತ್ತರೂ ಓಡುತ್ತಿರುವ ಎಂಜಿನ್ ಓಡುತ್ತಲೇ ಇರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಕಾರನ್ನು ಮಾಲೀಕರಿಗೆ ಒಪ್ಪಿಸಬಾರದು. ವೈರಿಂಗ್ ನಕ್ಷೆಯ ಒಂದು ಪ್ರತಿಯನ್ನು ಬಿಲ್ಲಿನೊಡನೆ ನೀಡುವ ಪದ್ಧತಿಯನ್ನು ನಮ್ಮ ಸದಸ್ಯ ಗ್ಯಾರೇಜುಗಳು ರೂಢಿಸಿಕೊಂಡರೆ, ಮುಂದೆ ಆ ಕಾರನ್ನು ದುರಸ್ತಿ ಮಾಡುವವರ ಶ್ರಮವೂ ಉಳಿಯುತ್ತದೆ, ಗ್ರಾಹಕರ ವಿಶ್ವಾಸವೂ ಬೆಳೆಯುತ್ತದೆ.